ಸಣ್ಣ ಬಟ್ಟೆ, ಬಾಕಿ

ಮೊದಲು ಕೈ ತೊಳೆದು ಬನ್ನಿ ಅಂದೆ.
ಡೂಗಲ್ ಸ್ಪಿಂಕ್ ತೊಳೆದು ಬಂದ. ಮತ್ತೊಮ್ಮೆ ಕಳಿಸಿದೆ.
ನಲವತ್ತು ವರ್ಷ ಹ್ಯಾಡಕ್ ಮೀನಿಗೆ ಹೊಗೆ ಹಾಕಿದ ಕೈ,
ಒಂದು ಸೋಪಿಗೆ ಬಗ್ಗುವಂಥದ್ದಲ್ಲ.
ಆರ್ಬ್ರೋತಿನ ಈ ನೆಲಮಾಳಿಗೆಗೆ
ಗುರುವಾರಗಳಂದು ನಾನು ಪುಕ್ಕಟೆ ಕಾವಲುಗಾರ್ತಿ;
ಆಸ್ಪತ್ರೆ ಬಿಟ್ಟ ಮೇಲೆ
ಬದುಕಿದ್ದವರ ಚಾರ್ಟು ಹೋಗಿ ಸತ್ತವರ ಲೆಕ್ಕ ಬಂತು.

ಹುಟ್ಟಿನ ಪುಸ್ತಕ ನೋಡಿದ್ದಾನೆ, ಮದುವೆಯದು ನೋಡಿದ್ದಾನೆ,
ಜನಗಣತಿ ಹಿಡಿದು ಬೀದಿ ಬೀದಿ ಅಲೆದಿದ್ದಾನೆ.
"ಅಲ್ಲಿಂದಾಚೆ ಬರೀ ಗೋಡೆ" ಅಂದ.
ಗೋಡೆಯಲ್ಲ ಮಾರಾಯ, ಸುಂಕದ ಕಟ್ಟೆ.
ಆಗ ಹತ್ತು ಹನ್ನೊಂದು ವರ್ಷ
ಹುಟ್ಟು ಬರೆಸಿದರೆ ಮೂರು ಪೆನ್ಸ್, ಸಾವು ಬರೆಸಿದರೆ ಮೂರು ಪೆನ್ಸ್
ದೊರೆಯ ಬೊಕ್ಕಸಕ್ಕೆ.
ಬಲೆಯ ತೂತು ಹೊಲಿಯಲು ದಾರವಿಲ್ಲದವರು
ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಲಿಲ್ಲ.
ಹೆತ್ತರು. ಬರೆಸಲಿಲ್ಲ.

ಆದರೆ ಹೆಣದ ಪೆಟ್ಟಿಗೆಗೆ ಹೊದಿಕೆ ಬೇಕಲ್ಲ.
ಕರಿ ಮಕಮಲ್ಲು, ಅಂಚಿಗೆ ಕುಚ್ಚು,
ಚರ್ಚಿನ ಸ್ವತ್ತು, ಬಾಡಿಗೆಗೆ.
ಗುಂಡಿಯವರೆಗೆ ಹೊದಿಸಿಕೊಂಡು ಹೋಗಿ
ಸಂಜೆಯೊಳಗೆ ಕೊಡವಿ ಮಡಚಿ ವಾಪಸು ಕೊಡಬೇಕು.
ಒಳ್ಳೆಯದು, ಸಾಧಾರಣದ್ದು, ಸಣ್ಣದು.
ಬಂದ ಕಾಸು ಬಡವರ ಪೆಟ್ಟಿಗೆಗೆ.
ಆ ಲೆಕ್ಕದ ಪುಸ್ತಕವನ್ನು ಯಾರೂ ಕೇಳುವುದಿಲ್ಲ.
ನನಗೇ ಸಿಕ್ಕಿದ್ದು ಆಕಸ್ಮಿಕ,
ಹುಂಡಿಗೆ ಬಿದ್ದ ಖೋಟಾ ನಾಣ್ಯಗಳ ಪಟ್ಟಿಯ ಬೆನ್ನಿಗೆ.

ಸಾವಿರದ ಏಳುನೂರ ಎಂಬತ್ತೆಂಟು, ಮಾರ್ಚ್.
ಶಾಯಿ ಚಹಾದ ಬಣ್ಣಕ್ಕೆ ತಿರುಗಿದೆ.
ಬೆರಳಿಡಬೇಡಿ ಅಂದು ನಾನೇ ಓದಿದೆ:
"ಸ್ಪಿಂಕನ ಹೆಂಡತಿ ಇಸೊಬೆಲ್ ಸ್ವಾಂಕಿಯ ಕೂಸಿಗೆ,
ಸಣ್ಣ ಬಟ್ಟೆ. ಬಾಕಿ."

ಅವನು ಬೆರಳು ಮಡಚಿ ಎಣಿಸಿದ.
ಅವನ ಲೆಕ್ಕದಲ್ಲಿ ಇಸೊಬೆಲ್‌ಗೆ ನಾಲ್ಕು ಮಕ್ಕಳು.
ಹೆಬ್ಬೆರಳು ಹಾಗೇ ನಿಂತುಕೊಂಡಿತು.

ಇಲ್ಲಿಯ ಹಳೆ ಪುಸ್ತಕಗಳಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಇದು:
ಹೆಣ್ಣು ಯಾರ ಮನೆ ಹೊಕ್ಕರೂ
ಹೆಸರು ಮಾತ್ರ ತವರಿನದೇ, ಗೋರಿಕಲ್ಲಿನವರೆಗೂ.
ನಮ್ಮಲ್ಲಿಗೆ ಹೆಳವ ಬರುತ್ತಿದ್ದ, ಎತ್ತಿನ ಮೇಲೆ ಕೂತು,
ಗಂಟೆ ಬಾರಿಸುತ್ತ.
ಇಂಥವನ ಮಗ ಇಂಥವ, ಇಂಥವನ ಮಗ ಇಂಥವ,
ಹನ್ನೊಂದು ತಲೆ, ಉಸಿರು ಕಟ್ಟದೆ.
ನಾನೆಲ್ಲಿ ಅಂತ ಕೇಳಿದ್ದಕ್ಕೆ
ಮೊರದ ಜೋಳ ಜೋಳಿಗೆಗೆ ಸುರಿದುಕೊಳ್ಳುತ್ತ ನಕ್ಕ:
"ನೀನು ಬೇರೆ ಮನೆಯ ಹಾಡಿನಲ್ಲಿ ಬರ್ತೀ ತಂಗಿ."
ಮುಂದೆ ನಾನು ಸೇರಿದ ಮನೆಗೆ
ಹೆಳವರು ಬರುವ ವಾಡಿಕೆಯೇ ಇರಲಿಲ್ಲ.

"ಬಾಕಿ ಎಷ್ಟಿತ್ತು?" ಡೂಗಲ್ ಕೇಳಿದ.
ಸಣ್ಣ ಬಟ್ಟೆಗೆ ಒಂದೂವರೆ ಶಿಲ್ಲಿಂಗ್.
ಕಿಸೆ ತಡಕಿ ಎರಡು ಪೌಂಡಿನ ನಾಣ್ಯ ಮೇಜಿಗಿಟ್ಟ.
ನಾನು ಹಿಂದಕ್ಕೆ ತಳ್ಳಿದೆ. ಅವನು ಮುಂದಕ್ಕೆ.
ಆ ಪೆಟ್ಟಿಗೆಯೇ ಇಲ್ಲ ಈಗ, ಮಕಮಲ್ಲನ್ನು ನುಸಿ ತಿಂದು
ಕಾಲವಾಯಿತು ಅಂದೆ.
"ಚಿಲ್ಲರೆ ಇಟ್ಟುಕೊಳ್ಳಲಿ" ಅಂದು ಟೋಪಿ ತೆಗೆದುಕೊಂಡ.

ಅವನು ಹೋದ ಮೇಲೆ ಸೂಚಿಯ ಚೀಟಿ ಬರೆಯಲು ಕೂತೆ.
ಸ್ಪಿಂಕ್. ಹೆಸರಿಲ್ಲ.
ಬರೆದದ್ದು ಹೊಡೆದುಹಾಕಿದೆ.
ಯಾವ ತಾಯಿ, ಮಾರ್ಚ್ ತಿಂಗಳ ಆ ಸಮುದ್ರದ ಚಳಿಯಲ್ಲಿ
ಎದೆಗವಚಿಕೊಂಡದ್ದನ್ನು ಏನೂ ಅನ್ನದೆ ಕರೆದಾಳು?
ಹೊಸ ಚೀಟಿ ತೆಗೆದುಕೊಂಡೆ:
ಸ್ಪಿಂಕ್. ಹೆಸರು ಬರೆದಿಲ್ಲ.
ತಾಯಿ, ಇಸೊಬೆಲ್ ಸ್ವಾಂಕಿ.

ಎರಡು ಪೌಂಡು ಮೇಜಿನ ಖಾನೆಯಲ್ಲೇ ಇದೆ.
ಯಾವ ಪುಸ್ತಕಕ್ಕೆ ಜಮಾ ಮಾಡಲಿ, ತಿಳಿಯದು.
ಪುಟ ಮುಚ್ಚುವಾಗ ಮೂಲೆಯಲ್ಲಿ ಸಣ್ಣಗೆ
ಹೊಗೆಯ ವಾಸನೆ.
ಎರಡು ಸಲ ತೊಳೆದ ಕೈ, ನಾನೇ ನೋಡಿದ್ದೆ.
ಹಾನಿಯ ಕಾಲಮ್ಮಿನಲ್ಲಿ ಏನೂ ಬರೆಯಲಿಲ್ಲ.