ಹೆಜ್ಜೆ ತೋರಿಸಿ

ಉತ್ತರ ಸರಿ. ಹೆಜ್ಜೆ ಎಲ್ಲಿ?
ಕೆಂಪು ಶಾಯಿಯಲ್ಲಿ ಕೇಳಿ
ಐದಕ್ಕೆ ಒಂದು ಅಂಕ ಕೊಟ್ಟೆ.

ಸಿದ್ದಾಪುರ, ಎಂಟನೇ ತರಗತಿ, ಮಾರ್ಚ್ ತಿಂಗಳು.
ಲೈನ್‌ಮನೆಯ ಬೋಜಿ
ಮೆಣಸು ಬಿಡಿಸಿ ಕಪ್ಪಾದ ಬೆರಳಲ್ಲಿ
ಹಾಳೆ ನಡುವೆ ಒಂದೇ ಒಂದು ಸಂಖ್ಯೆ ಬರೆದು
ಕಿಟಕಿ ನೋಡುತ್ತ ಕೂತವಳು.

"ನಡ್ಕೊಂಡು ಬಂದಿದ್ರೆ ತೋರಿಸ್ತಿದ್ದೆ, ಟೀಚರ್."
ಸೊಕ್ಕಿರಲಿಲ್ಲ ಮಾತಲ್ಲಿ,
ಏನೋ ಕದ್ದು ಸಿಕ್ಕಿಬಿದ್ದ ಹಾಗಿತ್ತು.

ನಾನೋ, ದಶಕ ಕೈಯಲ್ಲಿಟ್ಟುಕೊಂಡು
ಮೂವತ್ತು ವರ್ಷ ನಡೆದವಳು.
ಎಲ್ಲೂ ಹಾರಿದ್ದಿಲ್ಲ.

ಮರುದಿನ ಶಾಲೆ ಹಿಂದಿನ ಹಲಸಿನ ಮರ ಬೋಳು.
ಸೋಲಾರ್ ತಂತಿ ನೆಟ್ಟಗಿದೆ,
ಒಣಮಣ್ಣಲ್ಲಿ ಒಂದು ಗುರುತಿಲ್ಲ.
ಆನೆ ಬಂದೇ ಇಲ್ಲ ಅಂತ
ವಾದಿಸುತ್ತಿದ್ದ ವಾಚರ್ ಬೆಳ್ಯಪ್ಪ,
ಇನ್ನೂ ಹಾಲು ಒಸರುವ
ತೊಟ್ಟುಗಳ ಕೆಳಗೆ ನಿಂತು.

ಆ ನಾಲ್ಕು ಅಂಕ
ಈಗಲೂ ನನ್ನ ಹತ್ತಿರವೇ ಇವೆ.