ಬಲಗಿವಿಯ ಕಡೆ

ಮೂವತ್ತೆರಡು ಕಿಲೋ. ಅದರ ಮೇಲೆ ಒಂದು ಹಿಡಿ ಅಕ್ಕಿಯೂ ಬೇಡವೆಂದು
ಹಜ್ ಕಚೇರಿಯ ಹುಡುಗ ಮೂರು ಸಲ ಹೇಳಿ ಕಳಿಸಿದ.
ಬೆಳಗಿನಿಂದ ಇದೇ ಕೆಲಸ, ಸೆಂಗ್‌ಕಾಂಗಿನ ನಮ್ಮ ಕಂಬದ ಮನೆಯಲ್ಲಿ:
ಮೀನು ತೂಗುವ ಕೊಕ್ಕೆಗೆ ಪೆಟ್ಟಿಗೆ ನೇತುಹಾಕು,
ಮುಳ್ಳು ನೋಡು, ಇಳಿಸು, ಏನಾದರೂ ತೆಗೆ.

ಮೀನಿನ ಪುಡಿ ಎರಡು ಡಬ್ಬ. ಸಾಂಬಾಲ್ ಒಂದು,
ಮುಚ್ಚಳದ ಸುತ್ತ ಮೇಣ ಬಳಿದಿದ್ದೇನೆ.
ಉಪ್ಪು ಸಕ್ಕರೆಯ ಪೊಟ್ಟಣ ಮೂವತ್ತು. ಎರಡು ಕೊಡೆ.
ವಾಸನೆಯಿಲ್ಲದ ಸೋಪಿಗಾಗಿ ಪೇಟೆಯೆಲ್ಲ ಅಲೆದೆ.
‘ಹೆಣಕ್ಕೂ ಕರ್ಪೂರ ಹಾಕುತ್ತಾರಲ್ಲ, ಇದು ಯಾರಿಗಮ್ಮ?’
ಅಂದ ಅಂಗಡಿಯ ವೆ ಟಾಂಗ್ ನಾಲಿಗೆ ಕಚ್ಚಿಕೊಂಡು
ಎರಡು ಸೋಪಿಗೆ ಒಂದರದೇ ದುಡ್ಡು ತೆಗೆದುಕೊಂಡಳು.

ನರ್ಸಮ್ಮ ಹೇಳಿದಳು: ನಲವತ್ತೆಂಟು ಡಿಗ್ರಿ.
ಬಾಯಾರುವ ಮೊದಲೇ ಕುಡಿಯಿರಿ.
ನಮಗೆ ಗೊತ್ತಿರುವುದು ಸರೋವರದ ಸೆಕೆ,
ನೀರಿನಿಂದೆದ್ದು ಬಂದು ಬೆನ್ನಿಗೆ ಅಂಟಿ ಕೂರುವಂಥದು.
ಅಲ್ಲಿಯದಕ್ಕೆ ಬೆವರು ಹೊರಗೆ ಬರುವಷ್ಟೂ ತಾಳ್ಮೆಯಿಲ್ಲವಂತೆ.
ಇವರು ಎದ್ದು ಹೋಗಿ ಅಂಗಡಿಯಿಂದ
ಇಸ್ತ್ರಿಗೆ ನೀರು ಚಿಮುಕಿಸುವ ನೀಲಿ ಬಾಟಲಿ ತಂದರು.
ನಲವತ್ತು ವರ್ಷ ಊರಿನ ಅಂಗಿಗಳಿಗೆ ಚಿಮುಕಿಸಿದ್ದು,
ಈ ಸಲ ನಮ್ಮ ಮುಖಕ್ಕೆ.

ದರ್ಜಿ ಪವೆನ್ನಾರಿ ಎಂದರೆ ಕೆರೆಯಾಚೆಗೂ ಗೊತ್ತು.
ಅಜ್ಜ, ಮಗ, ಮೊಮ್ಮಗ, ಮೂವರ ಮದುವೆಯ ಅಂಗಿಗೂ
ಇದೇ ಟೇಪು ಎದೆ ಸುತ್ತಿದೆ.
ಅಂಥವರ ಪಾಲಿಗೆ ಈಗ ಎರಡು ಬಿಳಿ ತುಂಡು.
ಹೊಲಿಗೆ ಇಲ್ಲ, ಗುಂಡಿ ಇಲ್ಲ, ತೋಳಿಲ್ಲ.
ನಿನ್ನೆ ಇಳಿಹೊತ್ತಿನಿಂದ ಅವನ್ನೇ ತೊಡೆಯ ಮೇಲೆ ಹಾಕಿಕೊಂಡು
ಅಂಚು ಸವರುತ್ತಾ ಕೂತಿದ್ದರು.
ಹೆಬ್ಬೆರಳು ತಾನಾಗಿಯೇ ಮಡಿಕೆ ಹಿಡಿಯುತ್ತದೆ,
ಇವರು ತಾವೇ ಬಿಡಿಸುತ್ತಾರೆ.
‘ಎಳೆ ಬಿಡುತ್ತಿದೆ ಕಣೇ.’
ಬಿಡಲಿ ಬಿಡಿ, ಅಂದೆ.
ಹದಿನೇಳು ವರ್ಷ ಸರದಿಯಲ್ಲಿ ಕಾದವರಿಗೆ
ಒಂದು ಎಳೆಯ ಚಿಂತೆ.

ಹೆಂಗಸರಿಗೆ ಹೊಲಿದದ್ದು ನಡೆಯುತ್ತದೆ.
ಆ ಕಟ್ಟಿಟ್ಟ ಕೈಯೆಲ್ಲ ನನ್ನ ಬಿಳಿ ನಿಲುವಂಗಿಯ ಮೇಲೆ ಬಿತ್ತು.
ಮಡಿಸಲು ಹೋದರೆ ಒಳಗೆ ಜೇಬು. ಅದರ ಹಿಂದೆ ಜೇಬು.
ಬಿ.ಪಿ. ಮಾತ್ರೆಗೆ ಒಂದು, ಮಿನಾದಲ್ಲಿ ಎಸೆಯುವ ಕಲ್ಲಿಗೆ ಒಂದು,
ಹೋಟೆಲಿನ ಹೆಸರಿನ ಚೀಟಿಗೆ, ಕನ್ನಡಕಕ್ಕೆ,
ಯಾತಕ್ಕೆಂದು ತಿಳಿಯದ್ದು ಇನ್ನೆರಡು.
ಕೊರಳಪಟ್ಟಿ ಮಗುಚಿದೆ.
ಅಕ್ಕಿಕಾಳಿನಷ್ಟು ಸಣ್ಣ ಅಕ್ಷರ, ಹಸಿರು ರೇಷ್ಮೆಯಲ್ಲಿ:
ನನ್ನ ಹೆಸರು. ಮಗಳ ಫೋನ್ ನಂಬರು.

ಇಬ್ಬರೂ ಏನೂ ಅನ್ನಲಿಲ್ಲ.
ಹಿಂದೊಂದು ವರ್ಷ ಬಿಸಿಲಿಗೆ ಬಿದ್ದವರ ಸುದ್ದಿಯನ್ನು
ಟೀವಿಯಲ್ಲಿ ಒಟ್ಟಿಗೇ ಕೂತು ನೋಡಿದ್ದೆವು.

ಆದರೆ ನಿಮ್ಮದನ್ನು ನಾನೆಲ್ಲಿ ಬರೆಯಲಿ?
ಆ ಬಟ್ಟೆಯಲ್ಲಿ ಒಂದು ಸೂಜಿಮೊನೆಗೂ ಜಾಗವಿಲ್ಲ.
ಸರಕಾರ ಕೊಟ್ಟ ಉಕ್ಕಿನ ಬಳೆಯಲ್ಲಿ ನಂಬರು ಇದೆ, ನಿಜ.
ಎಡಗಿವಿ ಕೇಳುವುದಿಲ್ಲವೆಂದು ಆ ಬಳೆಗೆ ಗೊತ್ತೇ?
ಕೂಗಿದರೆ ಸುಮ್ಮನೆ ನಗುತ್ತಾರೆ, ಕೇಳಿತೆಂದು ತಿಳಿಯಬೇಡಿ,
ನೀರು ಬೇಕೇ ಅಂದರೆ ಬೇಡವೆನ್ನುತ್ತಾರೆ, ನಂಬಬೇಡಿ,
ಇದನ್ನೆಲ್ಲ ಯಾವ ಉಕ್ಕಿನ ಮೇಲೆ ಕೆತ್ತಿಸಲಿ?

ಮುಳ್ಳು ಇನ್ನೂ ಮೂವತ್ತಮೂರಕ್ಕೇ ನಿಂತಿದೆ.
ತಳದಲ್ಲಿ ಟವೆಲ್ಲು ಸುತ್ತಿದ ಗಟ್ಟಿ ಏನೋ.
ಬಿಚ್ಚಿದೆ. ದೊಡ್ಡ ಕತ್ತರಿ.
‘ಕೊನೆಗೆ ಕೂದಲು ಕತ್ತರಿಸಬೇಕಲ್ಲ,’ ಎಂದರು,
ಮುಖ ಆಚೆ ತಿರುಗಿಸಿ.
ಕುದುರೆಯ ಬಾಲ ಕತ್ತರಿಸುವ ಕತ್ತರಿ!
ತೆಗೆದು ಮೆಷಿನ್ನಿನ ಮೇಲಿಟ್ಟೆ. ಮುಳ್ಳು ಸರಿಯಿತು.

ಬೆಳಿಗ್ಗೆ ನಾಲ್ಕಕ್ಕೆ ಮಕಾಸ್ಸರಿನ ಬಸ್ಸು.
ಕಿಟಕಿ ನಿಮಗೆ ಇಷ್ಟ, ಗೊತ್ತು.
ಆದರೂ ಎಡಗಡೆಯ ಕಿಟಕಿಯಲ್ಲೇ ಕೂರಿ.
ಬಸ್ಸಿನಿಂದಲೇ ಶುರುಮಾಡುತ್ತೇನೆ,
ನಿಮ್ಮ ಬಲಕ್ಕೆ ನಾನು.