ಬ್ಯಾಡ್ಜು

ಮೂವತ್ತೊಂದು ವರ್ಷ ಇವರ ಅಂಗಿಯ ಎದೆಗೆ
ಬೆಂಕಿಪೊಟ್ಟಣದಷ್ಟು ಒಂದು ಬ್ಯಾಡ್ಜು,
ಅದರೊಳಗೆ ಕಪ್ಪು ಫಿಲ್ಮು.
ಜಿಲ್ಲಾ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
"ಉಸಿರು ಹಿಡ್ಕಳಿ... ಹಾಂ, ಬಿಡಿ" ಅನ್ನುತ್ತ
ಹಾಸನದ ಅರ್ಧ ಊರಿನ ಪಕ್ಕೆಲುಬು ನೋಡಿದವರು.
ಮೂರು ತಿಂಗಳಿಗೊಮ್ಮೆ ಆ ಫಿಲ್ಮು ಲಕೋಟೆ ಹತ್ತಿ
ದೂರದ ಯಾವುದೋ ಲ್ಯಾಬಿಗೆ ಹೋಗುತ್ತಿತ್ತು,
ಇವರ ಮೈ ಎಷ್ಟು ಕುಡಿದಿದೆ ಎಂದು ಲೆಕ್ಕ ಬರುತ್ತಿತ್ತು.
ಸೊನ್ನೆ. ಸೊನ್ನೆ. ಮತ್ತೆ ಸೊನ್ನೆ.
ಒಂದು ಸಲ ಮಾತ್ರ ಸೊನ್ನೆಯ ಪಕ್ಕ ಚುಕ್ಕಿ, ಚುಕ್ಕಿಯ ಪಕ್ಕ ಒಂದು ಅಂಕಿ.
ಆ ರಾತ್ರಿ ಇವರು ಊಟ ಬಿಡಲಿಲ್ಲ, ಮಾತು ಬಿಟ್ಟರು.

ಮರೆತು ತೊಟ್ಟುಕೊಂಡೇ ಮನೆಗೆ ಬಂದ ದಿನ
ನಮ್ಮನ್ನೂ ಅಳೆಯುತ್ತಿದೆಯೇನೋ ಅನಿಸಿ
ನಾನು ಸಿಡುಕುವುದನ್ನು ತುಸು ಕಡಿಮೆ ಮಾಡುತ್ತಿದ್ದೆ.

ಈಗ ಪೆನ್ಷನ್ ಮೊಹಲ್ಲಾದ ನಮ್ಮ ಬೀದಿಯಲ್ಲಿ
ನಾಗಭೂಷಣಶೆಟ್ಟರ ತಾರಸಿ ಮೇಲೆ ಟವರು.
ಬಾಡಿಗೆ ಅವರಿಗೆ, ಬೇನೆ ನಮಗೆ ಎಂದು
ಅರ್ಜಿ ಹಿಡಿದು ಬಂದರು ಭಾನುವಾರ.
ಕಾಂತಮಣಿಗೆ ನಿದ್ದೆಯಿಲ್ಲ,
ಟೈಲರ್ ಸಗೀರನ ಕಿವಿಯೊಳಗೆ ಜೀರುಂಡೆ,
ದ್ಯಾವೇಗೌಡರ ಗೂಡಿಗೆ ಪಾರಿವಾಳ ತಿರುಗಿ ಬರುತ್ತಿಲ್ಲ.
ಹಫೀಜಾಳ ಸೊಸೆಗೆ ಎರಡು ಸಲ ನಿಲ್ಲಲಿಲ್ಲ.
ಎಲ್ಲರ ಕೈಯಲ್ಲೂ ಫೋನು,
ಅರ್ಜಿಯ ಫೋಟೋ ಆಗಲೇ ಗ್ರೂಪಿಗೆ ಹೋಗಿತ್ತು.
"ರೇಡಿಯೇಷನ್ ಜತೆ ಬಾಳಿದೋರು ನೀವು, ಸಾರ್.
ಮೊದಲ ಸಹಿ ನಿಮ್ಮದೇ."

ಇವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.
"ನಾ ಬಾಳಿದ್ದು ಬೇರೆ. ಅದು ಮೈಯ ದಾಟಿ ಹೋಗೋದು,
ಜೀವಕಣದ ಗಂಟನ್ನೇ ಬಿಚ್ಚೋದು.
ಇದಕ್ಕೆ ಅಷ್ಟು ಕಸುವಿಲ್ಲ.
ಒಲೆಯಿಂದ ಮಾರು ದೂರ ಕೂತ ಹಾಗೆ, ಚೂರು ಬೆಚ್ಚಗೆ."
"ಹಂಗಾದ್ರೆ ಏನೂ ಆಗಲ್ಲ ಅಂತ ಬರಕೊಡಿ."
ಅದಕ್ಕೂ ಇವರ ಪೆನ್ನು ಏಳಲಿಲ್ಲ.
"ಹುಡುಕಿದಾರೆ, ಇನ್ನೂ ಹುಡುಕ್ತಿದಾರೆ.
ಸಿಕ್ಕಿಲ್ಲ ಅನ್ನೋದು ಒಂದು ಫಿಲ್ಮು,
ಇಲ್ಲ ಅನ್ನೋದು ಇನ್ನೊಂದು.
ಎರಡನ್ನೂ ಒಂದೇ ಕವರಿಗೆ ಹಾಕಬಾರದು."

ಹಫೀಜಾ ಎದ್ದು ಹೋದಳು,
ಲೋಟದಲ್ಲಿ ಟೀ ಕೆನೆಗಟ್ಟಿತು.
ಸೊಸೆ ಈಗ ಹೇಗಿದ್ದಾಳೆ ಎಂದು
ಇವರೂ ಕೇಳಲಿಲ್ಲ, ನಾನೂ.

ನನಗೂ ಇದೆ, ಎಡಗಿವಿಯ ಹಿಂದೆ ಒಂದು ನೋವು.
ಫೋನು ದಿಂಬಿನಡಿಯೇ ಮಲಗುತ್ತದೆ.
ಅರಕಲಗೂಡಿನಲ್ಲಿ ತಂಗಿ ಸುಗುಣನಿಗೆ ಡಯಾಲಿಸಿಸ್,
ಯಾವ ಹೊತ್ತಿಗೆ ಯಾವ ಕರೆಯೋ.
"ದೂರ ಇಡು" ಅಂದರು.
"ಏನೂ ಆಗಲ್ಲ ಅಂದೋರು ನೀವೇ ಅಲ್ವಾ?"
"ಆಗಲ್ಲ. ಆದ್ರೂ ದೂರ ಇಡು."

ಹಾಸನಾಂಬೆಯ ಬಾಗಿಲು ಮುಚ್ಚಿದರೂ
ಒಳಗಿನ ದೀಪ ವರ್ಷವಿಡೀ ಆರದು ಅಂದರೆ ನಕ್ಕವರು.
ಆರಿದ್ದು ನೋಡಿದೀರಾ ಎಂದು ಕೇಳಿದ್ದೆ, ಮದುವೆಯ ಹೊಸದರಲ್ಲಿ.
ಉರಿಯೋದನ್ನ ನೀನು ನೋಡಿದೀಯಾ ಅಂದಿದ್ದರು.
ಆ ಜಗಳ ಅಲ್ಲಿಗೇ ನಿಂತಿದೆ, ಇವತ್ತಿಗೂ.

ನಿನ್ನೆ ಒಗೆಯಲೆಂದು ದಿಂಬಿನ ಚೀಲ ಎಳೆದೆ.
ಫೋನಿಗೆ ಮೈ ತಾಗಿಸಿಕೊಂಡು
ಆ ಬ್ಯಾಡ್ಜು!
ನಿವೃತ್ತಿಯ ದಿನ ವಾಪಸು ಕೊಟ್ಟಿರಲಿಲ್ಲ ಅನ್ನಿ.
ಕ್ಲಿಪ್ಪಿಗೆ ತುಕ್ಕು, ಒಳಗೆ ಫಿಲ್ಮಿಲ್ಲ.
ಇದ್ದರೂ ಈ ಅಲೆಯ ಸದ್ದು ಅದರ ಕಿವಿಗೆ ಬೀಳದು,
ಇವರ ಮಾತು ಕೇಳಿ ಕೇಳಿ
ಅಷ್ಟು ನನಗೂ ಗೊತ್ತು.
ಇವರಿಗೆ ಗೊತ್ತಿಲ್ಲವೇ?

ಬೇರೆ ಚೀಲ ತೊಡಿಸಿ
ಎರಡನ್ನೂ ಇದ್ದ ಹಾಗೆಯೇ ಇಟ್ಟೆ.

ರಾತ್ರಿ ಎರಡೂಕಾಲಕ್ಕೆ ಫೋನು ಒಮ್ಮೆ ನಡುಗಿತು.
ಸುಗುಣ ಅಲ್ಲ, ಕಂಪನಿಯ ಮೆಸೇಜು.
"ಯಾರು?" ಅಂದರು ಇವರು,
ಅಷ್ಟು ಹೊತ್ತೂ ಗೊರಕೆ ಹೊಡೆಯುತ್ತಿದ್ದವರು.